ಉತ್ತರ ಕನ್ನಡದ ಕಡಲಂಚು, ಅಳಿವೆ, ಕಾಂಡ್ಲಾ ಕಾಡು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದ ಕಾಳಿ ಅಳಿವೆಯಿಂದ ಭಟ್ಕಳದವರೆಗೆ ಕಡಲಂಚಿನಲ್ಲಿ ಓಡಾಡುವವರು ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ. ಹೆಚ್ಚಿನ ಉತ್ತರಗಳಲ್ಲಿ ಉಬ್ಬರ-ಇಳಿತದ ಮಾತು ಬರುತ್ತದೆ, ಅದಕ್ಕೆ ಬೇಸರ ಬೇಡ. ಈ ಕರಾವಳಿಯಲ್ಲಿ ಎಲ್ಲಿಗೆ ಹೋದಿರಿ ಅನ್ನುವುದಕ್ಕಿಂತ ಎಷ್ಟು ಹೊತ್ತಿಗೆ ಹೋದಿರಿ ಅನ್ನುವುದೇ ಮುಖ್ಯ.

## ಹೊರಡುವ ಮೊದಲು

ಯಾವ ತಿಂಗಳಲ್ಲಿ ಬಂದ್ರೆ ಒಳ್ಳೇದು?

ಏನು ನೋಡಬೇಕು ಅನ್ನುವುದರ ಮೇಲೆ ಹೋಗುತ್ತದೆ. ವಲಸೆ ಹಕ್ಕಿ, ಕಡಲಾಮೆ, ಡಾಲ್ಫಿನ್ ಎಲ್ಲವೂ ಬೇಕೆಂದರೆ ನವೆಂಬರಿನಿಂದ ಫೆಬ್ರವರಿ. ಮಾರ್ಚ್ ನಂತರ ಹಕ್ಕಿಗಳು ಉತ್ತರಕ್ಕೆ ಹೊರಡುತ್ತವೆ, ಸೆಕೆ ಹನ್ನೊಂದು ಗಂಟೆಗೇ ಮನುಷ್ಯರನ್ನು ಕೂರಿಸಿಬಿಡುತ್ತದೆ. ಆದರೂ ಬಂಡೆಗುಂಡಿ (ಇಳಿತದಲ್ಲಿ ಬಂಡೆಗಳ ನಡುವೆ ನೀರು ಉಳಿಯುವ ಗುಂಡಿ) ನೋಡುವವರಿಗೆ ಏಪ್ರಿಲ್ ಕೂಡ ನಡೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲ ಹತ್ತಿರದ ಆಸೆ ಬಿಡಿ. ಯಾಂತ್ರಿಕ ದೋಣಿಗಳಿಗೇ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ ಇರುತ್ತದೆ. ಆದರೆ ಆ ಹೊತ್ತಿನಲ್ಲಿ ಕಡಲಂಚಿನ ಗುಡ್ಡಗಳ ಮೇಲಿನ ಜಂಬಿಟ್ಟಿಗೆ (ಕೆಂಪುಕಲ್ಲು) ಹಾಸುಗಳನ್ನು ನೋಡಲು ಬಹಳ ಜನ ಮರೆಯುತ್ತಾರೆ. ಬೇಸಿಗೆಯಲ್ಲಿ ಬೋಳು ಕಲ್ಲಾಗಿದ್ದ ಜಾಗ ಆಗಸ್ಟ್–ಸೆಪ್ಟೆಂಬರಿನಲ್ಲಿ ಅರ್ಧ ಗೇಣು ಎತ್ತರದ ಹೂಗಳಿಂದ ತುಂಬುತ್ತದೆ. ಅವುಗಳಲ್ಲಿ ಯುಟ್ರಿಕ್ಯುಲೇರಿಯದಂಥ ಕೀಟಾಹಾರಿ ಗಿಡಗಳೂ ಇವೆ.

ಉಬ್ಬರ-ಇಳಿತದ ಪಟ್ಟಿ ಓದೋದು ಹೇಗೆ? ಅದರಲ್ಲಿರೋ ಮೀಟರ್ ಏನು?

ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತವೆ. ಹಾಗಾಗಿ ಕಳೆದ ವಾರ ಸ್ನೇಹಿತರು ಹೇಳಿದ ಹೊತ್ತು ಈ ವಾರ ಉಪಯೋಗಕ್ಕಿಲ್ಲ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ಜಾಲತಾಣದಲ್ಲಿ ಕಾರವಾರದ ಅಂಕಿ ಸಿಗುತ್ತದೆ. ಗೋಕರ್ಣ, ಕುಮಟಾ, ಹೊನ್ನಾವರಕ್ಕೂ ಅದನ್ನೇ ಇಟ್ಟುಕೊಂಡರೆ ದೊಡ್ಡ ವ್ಯತ್ಯಾಸವಾಗದು. ಆದರೆ ಅಳಿವೆಯ ಒಳಗೆ ಮೇಲಕ್ಕೆ ಹೋದಂತೆ ನೀರು ತಡವಾಗಿ ಏರಿ ತಡವಾಗಿ ಇಳಿಯುತ್ತದೆ.

ಪಟ್ಟಿಯ ಮೀಟರ್ ಅಂದರೆ ನಿಮ್ಮ ಕಾಲ ಬುಡದ ಆಳವಲ್ಲ, ನಕ್ಷೆಯ ಒಂದು ತಳಮಟ್ಟದಿಂದ ನೀರು ಎಷ್ಟು ಮೇಲಿದೆ ಅನ್ನುವ ಲೆಕ್ಕ. ಬಂಡೆಗುಂಡಿ ನೋಡಲು ಇಳಿತ 0.4 ಮೀಟರಿಗಿಂತ ಕಡಿಮೆ ಇರುವ ದಿನ ಆರಿಸಿ. ಅಂಥ ದಿನಗಳು ಅಮಾವಾಸ್ಯೆ, ಹುಣ್ಣಿಮೆ ಮತ್ತು ಅವುಗಳ ನಂತರದ ಒಂದೆರಡು ದಿನ ಸಿಗುತ್ತವೆ. ಅಷ್ಟಮಿಯ ಆಸುಪಾಸಿನಲ್ಲಿ ನೀರು ಹೆಚ್ಚು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ದಿನದ ಎರಡು ಇಳಿತಗಳೂ ಸಮ ಅಲ್ಲ ಅನ್ನುವುದನ್ನು ಗಮನಿಸಿ. ಒಂದು ಚೆನ್ನಾಗಿ ಇಳಿದರೆ ಇನ್ನೊಂದು ಅರೆಬರೆ. ಅಮಾವಾಸ್ಯೆ-ಹುಣ್ಣಿಮೆಯ ದಿನಗಳಲ್ಲಿ ಇಳಿತ ಹೆಚ್ಚುಕಡಿಮೆ ಬೆಳಗಿನ ಜಾವಕ್ಕೂ ಇಳಿಹೊತ್ತಿಗೂ ಬೀಳುತ್ತದೆ. ಇಳಿಹೊತ್ತಿನದು ಆರಿಸಿದರೆ ಕತ್ತಲೆಯೂ ಏರುವ ನೀರೂ ಒಟ್ಟಿಗೇ ಬರುತ್ತವೆ ಅನ್ನುವ ಎಚ್ಚರ ಇರಲಿ.

ಪಟ್ಟಿಯಲ್ಲಿರುವ ಇಳಿತದ ಹೊತ್ತಿಗೆ ಒಂದೂವರೆ ಗಂಟೆ ಮೊದಲು ಜಾಗಕ್ಕೆ ತಲುಪಿ, ಇಳಿಯುವ ನೀರಿನ ಹಿಂದೆಯೇ ಹೋಗಿ, ಇಳಿತ ಮುಗಿದ ಅರ್ಧ ಗಂಟೆಯೊಳಗೆ ವಾಪಸ್ ತಿರುಗಿ. ಹೆಚ್ಚಿನವರು ಸರಿಯಾದ ಹೊತ್ತಿಗೆ ಬಂದು, ತಿರುಗುವುದನ್ನು ಮರೆಯುತ್ತಾರೆ.

ಎರಡೇ ದಿನ ರಜ ಇದೆ. ಎಲ್ಲಿಂದ ಶುರು ಮಾಡೋದು?

ಕುಮಟಾ ಅಥವಾ ಗೋಕರ್ಣದಲ್ಲಿ ಉಳಿದುಕೊಳ್ಳಿ, ಜಿಲ್ಲೆಯ ಉದ್ದಕ್ಕೆ ಓಡಬೇಡಿ. ಕೊಂಕಣ ರೈಲಿನಲ್ಲಿ ಕುಮಟಾ, ಗೋಕರ್ಣ ರೋಡ್ ಎರಡೂ ನಿಲ್ದಾಣಗಳಿವೆ. ಒಂದು ಇಳಿತವನ್ನು ಅಘನಾಶಿನಿ ಅಳಿವೆಗೆ, ಇನ್ನೊಂದನ್ನು ಓಂ ಅಥವಾ ಕುಡ್ಲೆ ಕಡಲತೀರದ ತುದಿಯ ಬಂಡೆಗಳಿಗೆ ಕೊಡಿ. ನಡುವಿನ ಉಬ್ಬರದ ಹೊತ್ತಿನಲ್ಲಿ ಹೊನ್ನಾವರದ ಶರಾವತಿ ಕಾಂಡ್ಲಾ (ಮ್ಯಾಂಗ್ರೋವ್) ನಡಿಗೆಹಾದಿಗೆ ಹೋಗಬಹುದು, ಅಲ್ಲಿ ಹಲಗೆಯ ಮೇಲೆ ನಡೆಯುವುದರಿಂದ ನೀರು ಏರಿದ್ದರೂ ತೊಂದರೆಯಿಲ್ಲ. ಮುರ್ಡೇಶ್ವರ, ಯಾಣ, ಜೋಗ ಎಲ್ಲವನ್ನೂ ಅದೇ ಎರಡು ದಿನದಲ್ಲಿ ತುರುಕಿದರೆ ಕಾರಿನ ಕಿಟಕಿ ಮಾತ್ರ ನೋಡಿದಂತಾಗುತ್ತದೆ.

ಬ್ಯಾಗಲ್ಲಿ ಏನೇನಿರಬೇಕು?

ತಲೆಗೆ ಮೂರು ಲೀಟರ್ ನೀರು, ಅಂಚಿರುವ ಟೋಪಿ, ಬಾಯಿ ಮಡಚಿ ಮುಚ್ಚುವ ನೀರು ನುಗ್ಗದ ಚೀಲ. ಕಾಲಿಗೆ ಲೇಸ್ ಕಟ್ಟುವ ಹಳೆಯ ಕ್ಯಾನ್ವಾಸ್ ಶೂ. ಹವಾಯಿ ಚಪ್ಪಲಿಯನ್ನು ಕೆಸರು ಕಳಚಿಕೊಳ್ಳುತ್ತದೆ, ಬರಿಗಾಲನ್ನು ಬಂಡೆಗೆ ಅಂಟಿದ ಕಲ್ವದ (ಆಯ್ಸ್ಟರ್) ಚಿಪ್ಪು ಬ್ಲೇಡಿನಂತೆ ಕೊಯ್ಯುತ್ತದೆ. ದುರ್ಬೀನು 8×42 ಸಾಕು. ಗಾಳಿ ಬೀಸುವ ದಂಡೆಯಲ್ಲಿ 10 ಅಥವಾ 12 ಪಟ್ಟಿನದು ಕೈಯಲ್ಲಿ ನಿಲ್ಲುವುದಿಲ್ಲ. ಪೋಲರಾಯ್ಡ್ ಕನ್ನಡಕ ಇದ್ದರೆ ನೀರಿನ ಮೇಲಿನ ಹೊಳಪು ಕಳೆದು ಗುಂಡಿಯ ತಳ ಕಾಣುತ್ತದೆ. ಕೆಂಪು ಬೆಳಕು ಬರುವ ಹೆಡ್‌ಲ್ಯಾಂಪ್ ಇರಲಿ. ಸಂಜೆ ಕೋಣೆಗೆ ಬಂದ ಮೇಲೆ ಕ್ಯಾಮೆರಾವನ್ನು ಸಿಹಿನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಮೊದಲು ಒರೆಸಿ, ಆಮೇಲೆ ಒಣಬಟ್ಟೆ. ನೇರವಾಗಿ ಒಣಬಟ್ಟೆಯಲ್ಲಿ ಉಜ್ಜಿದರೆ ಉಪ್ಪಿನ ಹರಳು ಗಾಜನ್ನು ಗೀರುತ್ತದೆ.

ಡ್ರೋನ್ ಹಾರಿಸಬಹುದಾ?

ಕಾರವಾರದ ಸುತ್ತ ಯೋಚನೆಯನ್ನೂ ಮಾಡಬೇಡಿ. ಅರ್ಗಾದಲ್ಲಿ ನೌಕಾನೆಲೆ ಐಎನ್‌ಎಸ್ ಕದಂಬ ಇದೆ, ಒಳಗೆ ಕೈಗಾ ಅಣುವಿದ್ಯುತ್ ಸ್ಥಾವರ ಇದೆ. ನೌಕಾನೆಲೆಯ ಕಡೆಗೆ ಸಾದಾ ಕ್ಯಾಮೆರಾ ಹಿಡಿದರೂ ಪ್ರಶ್ನೆ ಬರುತ್ತದೆ. ಉಳಿದ ಕಡೆ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಡಿಜಿಟಲ್ ಸ್ಕೈ ನಕ್ಷೆ ನೋಡಿ. ಕಾನೂನು ಬಿಡುವ ಜಾಗದಲ್ಲೂ ಹಕ್ಕಿ ಕೂತ ಮರಳದಿಬ್ಬದ ಮೇಲೆ ಹಾರಿಸಬಾರದು. ಹಿಂಡು ಅದನ್ನು ಗಿಡುಗವೆಂದೇ ತಿಳಿದು ಏಳುತ್ತದೆ.

## ನೋಡುವುದನ್ನು ಕಲಿಯುವವರಿಗೆ

ಅಘನಾಶಿನಿ ಅಳಿವೆ ಅಂತ ಎಲ್ಲರೂ ಹೇಳ್ತಾರೆ. ಹೋದ್ರೆ ಬರೀ ಕೆಸರು. ಅಲ್ಲೇನಿದೆ?

ಆ ಕೆಸರೇ ಇರುವುದು. ಶಿರಸಿಯ ಕಡೆ ಹುಟ್ಟಿ ತದಡಿಯ ಹತ್ತಿರ ಕಡಲು ಸೇರುವ ಅಘನಾಶಿನಿಗೆ ದೊಡ್ಡ ಅಣೆಕಟ್ಟುಗಳಿಲ್ಲ. ಹಾಗಾಗಿ ಮಳೆಗಾಲದ ಸಿಹಿನೀರು, ಘಟ್ಟದ ಹೂಳು ಇಂದಿಗೂ ತಡೆಯಿಲ್ಲದೆ ಅಳಿವೆಗೆ ಬರುತ್ತವೆ. ಮಳೆಗಾಲದಲ್ಲಿ ಹೆಚ್ಚುಕಡಿಮೆ ಸಿಹಿ, ಬೇಸಿಗೆಯಲ್ಲಿ ಕಡಲಷ್ಟೇ ಉಪ್ಪು. ಈ ಏರಿಳಿತವನ್ನು ತಾಳಿಕೊಳ್ಳುವ ಜೀವಿಗಳು ಇಲ್ಲಿ ದಟ್ಟವಾಗಿವೆ. 2024ರಲ್ಲಿ ಈ ಅಳಿವೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು.

ನೋಡುವ ಕ್ರಮ ಹೀಗೆ: ಇಳಿತಕ್ಕೆ ಮೊದಲು ದಂಡೆಯ ಒಂದು ಕಡೆ ಕೂತುಬಿಡಿ, ಹತ್ತು ನಿಮಿಷ ಅಲುಗಬೇಡಿ. ನಡೆದು ಬಂದವರ ಕಾಲಿನ ಕಂಪಕ್ಕೆ ಕೆಸರಿನ ಎಲ್ಲ ಬಾಗಿಲೂ ಮುಚ್ಚಿರುತ್ತವೆ. ಆಮೇಲೆ ಒಂದೊಂದೇ ತೂತಿನಿಂದ ಫಿಡ್ಲರ್ ಏಡಿಗಳು ಮೇಲೆ ಬರುತ್ತವೆ. ಗಂಡಿಗೆ ಒಂದು ಕೊಂಡಿ ಅದರ ಮೈಗಿಂತ ದೊಡ್ಡದು, ಅದು ಊಟಕ್ಕೆ ಬಾರದು, ಹೆಣ್ಣನ್ನು ಕರೆಯಲು ಮತ್ತು ಜಗಳಕ್ಕೆ ಮಾತ್ರ. ಸಣ್ಣ ಕೊಂಡಿಯಿಂದ ಕೆಸರು ಎತ್ತಿ ಬಾಯಿಗೆ ಹಾಕಿ, ಆಹಾರ ಸೋಸಿಕೊಂಡು, ಉಳಿದದ್ದನ್ನು ಉಂಡೆ ಕಟ್ಟಿ ಕೆಳಗಿಡುತ್ತದೆ. ಹೆಣ್ಣಿಗೆ ಎರಡೂ ಸಣ್ಣ ಕೊಂಡಿಗಳಾದ್ದರಿಂದ ಊಟ ಎರಡು ಕೈಯಲ್ಲಿ. ಅವುಗಳ ನಡುವೆಯೇ ಕಣ್ಣು ತಲೆಯ ಮೇಲಿಟ್ಟುಕೊಂಡ ಮಡ್‌ಸ್ಕಿಪರ್ ಮೀನು ರೆಕ್ಕೆಯೂರಿ ತೆವಳುತ್ತದೆ. ಮೈ ಒದ್ದೆಯಿರುವಷ್ಟು ಹೊತ್ತು ಅದಕ್ಕೆ ಗಾಳಿಯಲ್ಲೇ ಉಸಿರಾಟ.

ಅಳಿವೆಯಂಚಿನ ಗಜನಿ ಗದ್ದೆಗಳನ್ನೂ ನೋಡಿ. ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುವುದು ಅಲ್ಲೇ. ಮಳೆಗಾಲದಲ್ಲಿ ಭತ್ತ, ಕೊಯ್ಲಾದ ಮೇಲೆ ಅದೇ ಗದ್ದೆಗೆ ನೀರು ಬಿಟ್ಟು ಮೀನು-ಸಿಗಡಿ. ಹಕ್ಕಿ ನೋಡುವವರಿಗೆ ಗಜನಿಯ ಕಟ್ಟೆ ಬಹಳ ಅನುಕೂಲದ ಜಾಗ. ಆದರೆ ಕಟ್ಟೆ ತುಳಿದು ಮಣ್ಣು ಜರಿಸಬೇಡಿ, ಅದನ್ನು ಕೈಯಲ್ಲಿ ಕಟ್ಟಿದವರಿದ್ದಾರೆ.

ಕಾಂಡ್ಲಾ ಗಿಡ ಎಲ್ಲ ಒಂದೇ ಥರ ಕಾಣ್ತವೆ. ಗುರುತಿಸೋದು ಹೇಗೆ?

ಎಲೆ ಬಿಡಿ, ಬೇರು ನೋಡಿ. ಕಾಂಡದಿಂದ ಕಮಾನಿನಂತೆ ಬೇರುಗಳು ಕೆಸರಿಗಿಳಿದಿದ್ದರೆ ರೈಜೊಫೊರಾ. ಅದರ ಬೀಜ ಮರದಲ್ಲೇ ಮೊಳೆತು ಮೊಳದುದ್ದದ ಹಸಿರು ಕೋಲಾಗಿ ನೇತಾಡುತ್ತದೆ. ಸುತ್ತ ಪೆನ್ಸಿಲ್ ಗಾತ್ರದ ಬೇರುಗಳು ಸಾಲಾಗಿ ಮೇಲೆ ಚುಚ್ಚಿಕೊಂಡಿದ್ದರೆ ಅವಿಸೆನ್ನಿಯಾ. ಬಿಸಿಲು ಹೊತ್ತಿನಲ್ಲಿ ಅದರ ಎಲೆ ನೆಕ್ಕಿ ನೋಡಿ, ಉಪ್ಪು. ಅದೇ ಬೇರು ದಪ್ಪವಾಗಿ, ಬುಡ ಅಗಲವಾಗಿ ತುದಿ ಚೂಪಾಗಿದ್ದರೆ ಸೊನರೇಷಿಯಾ, ಅದರ ಕಾಯಿ ನಕ್ಷತ್ರದಾಕಾರದ ತೊಟ್ಟಿನ ಮೇಲೆ ಕೂತಿರುತ್ತದೆ. ಮುಳ್ಳೆಲೆ, ನೇರಳೆ ಹೂವಿನ ಪೊದೆ ಅಕ್ಯಾಂಥಸ್. ಎಲೆ ಕಿತ್ತರೆ ಹಾಲು ಸುರಿಸುವ ಎಕ್ಸೊಕೇರಿಯಾ ಮಾತ್ರ ಮುಟ್ಟಬೇಡಿ. ಆ ಹಾಲು ಕಣ್ಣಿಗೆ ತಾಗಿದರೆ ಉರಿ, ತಾತ್ಕಾಲಿಕವಾಗಿ ಕಣ್ಣೇ ಕಾಣದಂತಾಗಬಹುದು. ಆದ್ದರಿಂದ ಯಾವ ಗಿಡ ಎಂದು ಗೊತ್ತಾಗುವವರೆಗೆ ನೆಕ್ಕುವ ಪ್ರಯೋಗವೂ ಬೇಡ.

ಬಂಡೆ ಗುಂಡಿಯಲ್ಲಿ ಏನೂ ಕಾಣಲ್ಲ. ಕಲ್ಲು ಎತ್ತಿ ನೋಡಬಹುದಾ?

ಕಲ್ಲಿಗೆ ಕೈ ಹಾಕುವ ಮೊದಲು ನೆರಳು ಸರಿಮಾಡಿಕೊಳ್ಳಿ. ಸೂರ್ಯ ನಿಮ್ಮ ಮುಂದಿರಲಿ, ಹಿಂದಿದ್ದರೆ ನಿಮ್ಮ ನೆರಳು ಗುಂಡಿಗೆ ಬಿದ್ದು ಮೀನುಗಳು ಬಿರುಕಿಗೆ ಸೇರುತ್ತವೆ. ಐದು ನಿಮಿಷ ಸುಮ್ಮನೆ ನೋಡಿದರೆ ಶಂಖವೊಂದು ಅತಿ ವೇಗವಾಗಿ ನಡೆಯುವುದು ಕಾಣುತ್ತದೆ, ಅದು ಸನ್ಯಾಸಿ ಏಡಿ. ಬಂಡೆಯ ಮೇಲ್ಭಾಗದಲ್ಲಿ ಒಣಗಿದ ಗುಳ್ಳೆಯಂಥ ಬಾರ್ನಕಲ್‌ಗಳು, ಮಧ್ಯದಲ್ಲಿ ಕಲ್ವ, ಕೆಳಗೆ ಕಡಲಹೂ (ಹೂವಿನಂತೆ ಕಾಣುವ ಪ್ರಾಣಿ, ಸೀ ಅನಿಮೊನಿ) ಮತ್ತು ಮುಳ್ಳುಚೆಂಡಿನಂಥ ಕಡಲಕಂಟಕ. ಯಾರು ಎಷ್ಟು ಹೊತ್ತು ಬಿಸಿಲು ತಾಳುತ್ತಾರೋ ಅಷ್ಟು ಮೇಲೆ ಅವರ ಮನೆ.

ಮುಷ್ಟಿಗಿಂತ ದೊಡ್ಡ ಕಲ್ಲು ಎತ್ತಬೇಡಿ. ಎತ್ತಿದ ಚಿಕ್ಕದನ್ನೂ ಅದೇ ಮಗ್ಗುಲಲ್ಲಿ, ಅದೇ ಜಾಗದಲ್ಲಿ ಇಡಿ. ತಲೆಕೆಳಗಾದ ಕಲ್ಲಿನ ಅಡಿಭಾಗದ ಜೀವಿಗಳು ಬಿಸಿಲಿಗೆ ಸಾಯುತ್ತವೆ, ಮೇಲ್ಭಾಗದ ಪಾಚಿ ಕತ್ತಲಲ್ಲಿ ಕೊಳೆಯುತ್ತದೆ. ಕೋನ್ ಆಕಾರದ ಚೆಂದದ ಶಂಖವನ್ನು ಎಂದೂ ಕೈಗೆತ್ತಿಕೊಳ್ಳಬೇಡಿ. ಅದರೊಳಗಿನ ಹುಳಕ್ಕೆ ವಿಷದ ಬಾಣವಿದೆ.

ದಂಡೆಯಲ್ಲಿ ಓಡೋ ಸಣ್ಣ ಹಕ್ಕಿಗಳನ್ನು ಹೇಗೆ ಬೇರೆ ಮಾಡೋದು?

ಬಣ್ಣಕ್ಕಿಂತ ನಡಿಗೆ ಬೇಗ ಹೇಳಿಕೊಡುತ್ತದೆ. ಹಿಂದೆ ಸರಿಯುವ ಅಲೆಯ ಬೆನ್ನಟ್ಟಿ, ಮುಂದಿನ ಅಲೆ ಬರುವಾಗ ವಾಪಸ್ ಓಡುವ ಬೆಳ್ಳಗಿನದು ಸ್ಯಾಂಡರ್ಲಿಂಗ್. ನಾಲ್ಕು ಹೆಜ್ಜೆ ಓಡಿ ತಟ್ಟನೆ ನಿಂತು, ಒಮ್ಮೆ ಕುಕ್ಕಿ, ಮತ್ತೆ ಓಡುವುದು ಪ್ಲೋವರ್. ಕಲ್ಲುಗಳ ನಡುವೆ ಹರಳನ್ನು ಮೂತಿಯಿಂದ ಮಗುಚುವುದು ಟರ್ನ್‌ಸ್ಟೋನ್. ಕೆಳಕ್ಕೆ ಬಾಗಿದ ಉದ್ದ ಕೊಕ್ಕಿನಿಂದ ಕೆಸರಿನ ಆಳ ಕೆದಕುವುದು ಕರ್ಲ್ಯೂ; ಗಾತ್ರ, ಕೊಕ್ಕು ಎರಡೂ ಕಮ್ಮಿಯಾಗಿ ತಲೆಯ ಮೇಲೆ ಪಟ್ಟೆಯಿದ್ದರೆ ವಿಂಬ್ರೆಲ್. ಹಕ್ಕಿ ನೋಡಲು ಪೂರ್ಣ ಇಳಿತ ಒಳ್ಳೆಯದಲ್ಲ, ಅವು ದೂರದ ಕೆಸರಿಗೆ ಚದುರಿಹೋಗುತ್ತವೆ. ಉಬ್ಬರ ಏರುತ್ತಾ ಅವನ್ನು ದಂಡೆಯ ಕಡೆ ತಳ್ಳುವ ಕೊನೆಯ ಎರಡು ಗಂಟೆಗೆ ಕೂತರೆ ಅವೇ ನಿಮ್ಮ ಹತ್ತಿರ ಬರುತ್ತವೆ.

ಡಾಲ್ಫಿನ್ ಗ್ಯಾರಂಟಿ ಅಂತಾರೆ ದೋಣಿಯವರು. ನಿಜಾನಾ?

ಗ್ಯಾರಂಟಿ ಯಾರೂ ಕೊಡಲಾಗದು, ಆದರೆ ಸಾಧ್ಯತೆ ಚೆನ್ನಾಗಿದೆ. ಇಲ್ಲಿನದು ಬೆನ್ನಿನ ಮೇಲೆ ಡುಬ್ಬವಿರುವ ಹಂಪ್‌ಬ್ಯಾಕ್ ಡಾಲ್ಫಿನ್, ದಂಡೆಗೆ ಹತ್ತಿರದ ಆಳವಿಲ್ಲದ ನೀರಲ್ಲೇ ಇರುತ್ತದೆ. ಗಾಳಿ ಏಳುವ ಮೊದಲು, ಬೆಳಗ್ಗೆ ಒಂಬತ್ತರೊಳಗೆ, ಕಡಲಿಗೆ ಚಾಚಿದ ಯಾವುದಾದರೂ ಗುಡ್ಡದ ಮೂತಿಯಲ್ಲಿ ದುರ್ಬೀನು ಹಿಡಿದು ಕೂತರೆ ದೋಣಿಯ ಖರ್ಚೇ ಇಲ್ಲ. ದೋಣಿ ಹತ್ತಿದರೆ ಮೊದಲೇ ಹೇಳಿ: ಬೆನ್ನಟ್ಟುವುದು ಬೇಡ, 50 ಮೀಟರ್ ದೂರದಲ್ಲಿ ಇಂಜಿನ್ ನ್ಯೂಟ್ರಲ್‌ಗೆ ಹಾಕಿ. ಮರಿಯಿದ್ದರೆ ಹಿಂದಿರುಗಿ.

ಆಮೆ ಮೊಟ್ಟೆ ಇಡೋದು ನೋಡಬೇಕು. ಎಲ್ಲಿಗೆ ಹೋಗ್ಲಿ?

ಒಬ್ಬರೇ ರಾತ್ರಿ ದಂಡೆ ಸುತ್ತಬೇಡಿ. ಹೊನ್ನಾವರದ ಕಾಸರಕೋಡು ಕಡೆ ಸೇರಿದಂತೆ ಹಲವೆಡೆ ಆಲಿವ್ ರಿಡ್ಲಿ ಆಮೆಗಳು ಚಳಿಗಾಲದಲ್ಲಿ ಗೂಡು ಮಾಡುತ್ತವೆ. ಒಡಿಶಾದಂತೆ ಸಾವಿರಾರು ಒಟ್ಟಿಗೆ ಬರುವುದಿಲ್ಲ, ಒಂದೊಂದೇ ಬರುತ್ತವೆ. ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆ, ಮರಿಯಾಗಲು 45ರಿಂದ 60 ದಿನ. ಅರಣ್ಯ ಇಲಾಖೆಯವರೂ ಊರಿನ ಮೀನುಗಾರರೂ ಗೂಡಿಗೆ ಬೇಲಿ ಕಟ್ಟಿ ಕಾಯುತ್ತಾರೆ. ಮರಿ ಬಿಡುವ ದಿನ ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿ ಹೋಗುವುದೇ ಸರಿ.

ಬೆಳಗಿನ ನಡಿಗೆಯಲ್ಲಿ ಜಾಡು ಸಿಕ್ಕರೆ ಗುರುತು ಇದು: ಸುಮಾರು ಮುಕ್ಕಾಲು ಮೀಟರ್ ಅಗಲದ ಹಾದಿ, ಎರಡೂ ಬದಿಯಲ್ಲಿ ಎಡ-ಬಲ ಸರದಿಯಂತೆ ಮೂಡಿದ ಅಲ್ಪವಿರಾಮದಂಥ ಗುರುತುಗಳು. ಅದರ ಮೇಲೆ ನಡೆಯದೆ, ಕೆದಕದೆ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ. ಮರಿಗಳನ್ನು ಎತ್ತಿ ನೀರಿಗೆ ಬಿಡುವ ಉಪಕಾರವೂ ಬೇಡ, ಮರಳಿನ ಮೇಲೆ ತೆವಳುವುದು ಅವಕ್ಕೆ ಬೇಕಾದ್ದೇ. ಮೊಬೈಲ್ ಟಾರ್ಚು ಆರಿಸಿ. ಮರಿ ಬೆಳಕಿನ ಕಡೆ ತಿರುಗುತ್ತದೆ, ರಸ್ತೆಯ ಕಡೆಯ ದೀಪವಾದರೆ ರಸ್ತೆಗೇ.

ರಾತ್ರಿ ಅಲೆ ನೀಲಿಯಾಗಿ ಹೊಳೆಯುತ್ತಂತೆ?

ಹೊಳೆಯುತ್ತದೆ, ಆದರೆ ದಿನಾಂಕ ಹೇಳಲಾಗದು. ನಾಕ್ಟಿಲ್ಯೂಕ ಎಂಬ ಏಕಕೋಶ ಜೀವಿ ಲೆಕ್ಕವಿಲ್ಲದಷ್ಟು ಹೆಚ್ಚಿದಾಗ, ನೀರು ಕಲಕಿದರೆ ಬೆಳಕು ಬರುತ್ತದೆ. ಚಂದ್ರನಿಲ್ಲದ ರಾತ್ರಿ, ದೀಪವಿಲ್ಲದ ದಂಡೆ ಬೇಕು, ಕಣ್ಣು ಹೊಂದಿಕೊಳ್ಳಲು ಇಪ್ಪತ್ತು ನಿಮಿಷ ಕೊಡಿ.

## ಅಪಾಯದ ಪ್ರಶ್ನೆಗಳು

ಈಜು ಬರುತ್ತೆ. ಆದ್ರೂ ಕಡಲಿಗೆ ಇಳೀಬಾರದಾ?

ಕೆರೆಯ ಈಜು ಸೆಳೆತಕ್ಕೆ ಉತ್ತರವಲ್ಲ. ದಂಡೆಗೆ ಬಂದ ನೀರು ಒಂದು ಕಿರಿದಾದ ಕಾಲುವೆಯ ಮೂಲಕ ವಾಪಸ್ ಹೋಗುವುದೇ ಸೆಳೆತ. ಎರಡೂ ಪಕ್ಕ ನೊರೆಯೊಡೆಯುವ ಅಲೆಗಳಿದ್ದು ನಡುವೆ ಅಲೆಯೇ ಇಲ್ಲದ, ಶಾಂತವಾಗಿ ಕಾಣುವ ಪಟ್ಟಿಯಿದ್ದರೆ ಅದೇ ಜಾಗ. ಮಕ್ಕಳನ್ನು ಇಳಿಸಲು ಜನ ಆರಿಸುವುದೂ ಅದನ್ನೇ. ಸಿಕ್ಕಿಬಿದ್ದರೆ ದಂಡೆಯ ಕಡೆ ಈಜಿ ಸುಸ್ತಾಗಬೇಡಿ. ತೇಲಿ, ಕೈ ಎತ್ತಿ ಕರೆಯಿರಿ, ಶಕ್ತಿಯಿದ್ದರೆ ದಂಡೆಗೆ ಸಮಾನಾಂತರವಾಗಿ ಈಜಿ ಅಲೆಯೊಡೆಯುವ ಕಡೆ ಸೇರಿ, ಅಲೆಯೇ ಒಳಗೆ ತಳ್ಳುತ್ತದೆ. ಅಳಿವೆಯ ಬಾಯಲ್ಲಿ ಮಾತ್ರ ಯಾವ ಹೊತ್ತಿಗೂ ಇಳಿಯಬೇಡಿ. ಇಳಿತದಲ್ಲಿ ಇಡೀ ನದಿ ಹೊರಗೆಳೆಯುತ್ತದೆ. ಕಡಲಿನಲ್ಲಿ ತುರ್ತು ಬಿದ್ದರೆ ಕೋಸ್ಟ್ ಗಾರ್ಡ್ 1554, ದಂಡೆಯಲ್ಲಿ 112.

ಕೆಸರಲ್ಲಿ ಮೊಣಕಾಲಿನವರೆಗೆ ಹೂತ್ರೆ?

ಕಾಲನ್ನು ನೇರ ಮೇಲಕ್ಕೆ ಎಳೆಯಬೇಡಿ, ಕೆಳಗೆ ನಿರ್ವಾತವಾಗಿ ಇನ್ನೊಂದು ಕಾಲು ಹೂಳುತ್ತದೆ. ಹಿಂದಕ್ಕೆ ಕೂತು, ಮೈಭಾರ ಬೆನ್ನಿಗೆ ಹಂಚಿ, ಕಾಲನ್ನು ಸಣ್ಣಗೆ ಅಲುಗಿಸುತ್ತಾ ನೀರು ಒಳಗಿಳಿಯಲು ಬಿಟ್ಟು ನಿಧಾನ ತೆಗೆಯಿರಿ. ಬಳಚು (ಕೆಸರಿನ ಚಿಪ್ಪುಮೀನು) ಹೆಕ್ಕುವವರು ನಡೆಯುವ ದಾರಿಯಲ್ಲೇ ನಡೆದರೆ ಈ ಪ್ರಸಂಗ ಬರುವುದಿಲ್ಲ.

ಲೋಳೆಮೀನು, ತೊರಕೆ, ಕಡಲಹಾವು ಕಚ್ಚಿದ್ರೆ ಏನು ಮಾಡೋದು?

ಮೂರಕ್ಕೂ ಉಪಚಾರ ಬೇರೆ. ಲೋಳೆಮೀನು ತಾಗಿದರೆ ಉಜ್ಜಬೇಡಿ, ಸಿಹಿನೀರು ಹಾಕಬೇಡಿ. ಅಂಟಿದ ಎಳೆಗಳಲ್ಲಿ ಸಿಡಿಯದ ವಿಷಕೋಶಗಳು ಅದರಿಂದಲೇ ಸಿಡಿಯುತ್ತವೆ. ಕಡಲನೀರಿನಲ್ಲೇ ತೊಳೆದು, ಚಿಮಟದಿಂದ ಎಳೆ ತೆಗೆಯಿರಿ. ತೊರಕೆ (ಸ್ಟಿಂಗ್‌ರೇ ಮೀನು) ಮರಳಿನಡಿ ಮಲಗಿರುತ್ತದೆ, ತುಳಿದರೆ ಬಾಲದ ಮುಳ್ಳು ಹೊಡೆಯುತ್ತದೆ. ಆದ್ದರಿಂದ ನೀರಿನಲ್ಲಿ ಹೆಜ್ಜೆ ಎತ್ತದೆ ಪಾದ ಎಳೆದುಕೊಂಡು ನಡೆಯಿರಿ. ಚುಚ್ಚಿದರೆ ತಾಳಬಲ್ಲಷ್ಟು ಬಿಸಿ ನೀರಿನಲ್ಲಿ, ಸುಮಾರು 45 ಡಿಗ್ರಿ, ಅರ್ಧದಿಂದ ಒಂದೂವರೆ ಗಂಟೆ ಕಾಲಿಡಿ. ನೋವು ಇಳಿಯುತ್ತದೆ, ಆದರೆ ಮುಳ್ಳಿನ ಚೂರು ಉಳಿದಿರಬಹುದಾದ್ದರಿಂದ ವೈದ್ಯರ ಬಳಿ ಹೋಗಲೇಬೇಕು.

ಕಡಲಹಾವಿನ ಗುರುತು ದೋಣಿಯ ಹುಟ್ಟಿನಂತೆ ಚಪ್ಪಟೆಯಾದ ಬಾಲ. ಬಲೆಯಿಂದ ದಂಡೆಗೆಸೆದದ್ದು ಸತ್ತಂತೆ ಕಂಡರೂ ಕಾಲಿನಿಂದ ಸರಿಸಬೇಡಿ. ಕಚ್ಚಿದ ಜಾಗ ಹೆಚ್ಚು ನೋಯದಿರುವುದೇ ಮೋಸ. ಕೆಲವು ಗಂಟೆಗಳಲ್ಲಿ ಮೈಕೈ ಸೆಳೆತ, ಕಪ್ಪು ಮೂತ್ರ, ಉಸಿರಿನ ತೊಂದರೆ ಬರಬಹುದು. ನಮ್ಮಲ್ಲಿ ಸಿಗುವ ಸಾಮಾನ್ಯ ಹಾವಿನ ಔಷಧ ನಾಗರ, ಕಟ್ಟುಹಾವು ಮುಂತಾದ ನೆಲದ ಹಾವುಗಳದ್ದು, ಕಡಲಹಾವಿಗೆ ಅಲ್ಲ. ಹಾಗಾಗಿ ವೆಂಟಿಲೇಟರ್ ಮತ್ತು ಡಯಾಲಿಸಿಸ್ ಇರುವ ಆಸ್ಪತ್ರೆಗೇ ನೇರ ಹೋಗಬೇಕು.

## ಅನುಭವ ಇರುವವರಿಗೆ

ಕುಮಟಾದಿಂದ ಗೋಕರ್ಣಕ್ಕೆ ಕಡಲಂಚಲ್ಲೇ ನಡೆದು ಹೋಗಬಹುದಾ?

ಹೋಗಬಹುದು, ಎರಡು ದಿನ ಇಟ್ಟುಕೊಳ್ಳಿ. ಬಾಡ, ಕಾಗಾಲ ದಾಟಿ ಅಘನಾಶಿನಿ ಊರಿಗೆ ಮೊದಲ ದಿನ. ಅಲ್ಲಿಂದ ತದಡಿಗೆ ದೋಣಿಯಲ್ಲಿ ದಾಟಬೇಕು, ಕೊನೆಯ ದೋಣಿ ಎಷ್ಟು ಹೊತ್ತಿಗೆಂದು ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ. ಎರಡನೆಯ ದಿನ ಬೇಲೆಕಾನ, ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ. ಕೆಡುವುದು ಕಡಲತೀರಗಳ ನಡುವಿನ ಬಂಡೆಮೂತಿಗಳಲ್ಲಿ. ಇಳಿತದಲ್ಲಿ ಕೆಳಗಿನಿಂದ ಸುತ್ತಿ ಬಂದವರು ಉಬ್ಬರದಲ್ಲೂ ಅದೇ ದಾರಿ ಹಿಡಿದು ಪಾಚಿಕಲ್ಲಿನ ಮೇಲೆ ಸಿಕ್ಕಿಕೊಳ್ಳುತ್ತಾರೆ. ಅನುಮಾನ ಬಂದರೆ ಗುಡ್ಡದ ಮೇಲಿನ ದಾರಿ ಹಿಡಿಯಿರಿ, ಅರ್ಧ ಗಂಟೆ ಹೆಚ್ಚಾದರೂ ಪರವಾಗಿಲ್ಲ. ಕಪ್ಪು ಬಣ್ಣದ ಒದ್ದೆ ಬಂಡೆಯೇ ಎಲ್ಲಕ್ಕಿಂತ ಜಾರುವುದು. ಮೀನುಗಾರಿಕೆಗೆ ಇನ್‌ಕಾಯ್ಸ್ ಎತ್ತರದ ಅಲೆಯ ಎಚ್ಚರಿಕೆ ಕೊಟ್ಟ ದಿನ ಈ ನಡಿಗೆ ಬೇಡ.

ನೇತ್ರಾಣಿಯಲ್ಲಿ ಡೈವಿಂಗ್ ಮಾಡಿ ಅದೇ ರಾತ್ರಿ ಬೆಂಗಳೂರಿಗೆ ಬರಬಹುದಾ?

ಇದನ್ನು ಕೇಳದೆಯೇ ಹೊರಡುವವರು ಹೆಚ್ಚು. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ಈ ದ್ವೀಪದ ಸುತ್ತ ಹವಳ, ಬಣ್ಣದ ಮೀನು, ಒಮ್ಮೊಮ್ಮೆ ಆಮೆಗಳಿವೆ. ಹೊಸಬರನ್ನು 12 ಮೀಟರಿಗಿಂತ ಆಳಕ್ಕೆ ಒಯ್ಯುವಂತಿಲ್ಲ. ಆಳದಲ್ಲಿ ಒತ್ತಡದ ಗಾಳಿ ಉಸಿರಾಡಿದಾಗ ನೈಟ್ರೋಜನ್ ಮೈಯಲ್ಲಿ ಕರಗಿರುತ್ತದೆ, ಅದು ನಿಧಾನವಾಗಿ ಹೊರಹೋಗಬೇಕು. ವಿಮಾನಕ್ಕಾದರೆ ಒಂದು ಡೈವ್ ನಂತರ 12 ಗಂಟೆ, ಹಲವು ಡೈವ್ ನಂತರ 18 ಗಂಟೆ ಬಿಡಬೇಕೆಂಬುದು ರೂಢಿಯ ಸೂಚನೆ. ವಿಮಾನ ಮಾತ್ರ ಎತ್ತರ ಅಲ್ಲ, ಘಟ್ಟವೂ ಎತ್ತರವೇ, ಬೆಂಗಳೂರು 900 ಮೀಟರ್ ಮೇಲಿದೆ. ಬೆಳಗ್ಗೆ ಒಂದು ಕಡಿಮೆ ಆಳದ ಡೈವ್ ಮಾಡಿದವರಿಗೆ ಅಪಾಯ ಕಡಿಮೆ, ಆದರೂ ಎರಡು-ಮೂರು ಡೈವ್ ಆಗಿದ್ದರೆ ಆ ರಾತ್ರಿ ಕೆಳಗೇ ಮಲಗಿ.

ದಂಡೆಯಲ್ಲಿ ಜೀವಂತ ಡಾಲ್ಫಿನ್ ಅಥವಾ ಬಲೆಗೆ ಸಿಕ್ಕ ಆಮೆ ಕಂಡರೆ?

ಮೊದಲು 1926ಕ್ಕೆ ಕರೆ, ಆಮೇಲೆ ಫೋಟೋ. ಡಾಲ್ಫಿನ್ ಮಗುಚಿದ್ದರೆ ಹೊಟ್ಟೆ ಕೆಳಗಾಗುವಂತೆ ನಿಲ್ಲಿಸಿ, ಒದ್ದೆಬಟ್ಟೆ ಹೊದಿಸಿ ನೆರಳು ಮಾಡಿ. ತಲೆಯ ಮೇಲಿನ ಉಸಿರಿನ ತೂತಿಗೆ ಬಟ್ಟೆಯಾಗಲಿ ನೀರಾಗಲಿ ಬೀಳಬಾರದು. ಬಾಲ ಹಿಡಿದು ಕಡಲಿಗೆ ಎಳೆಯಬೇಡಿ, ಬೆನ್ನುಮೂಳೆ ಕಳಚಬಹುದು. ಆಮೆಗೆ ಸುತ್ತಿದ ಬಲೆಯನ್ನು ಎಳೆಯದೆ ಕತ್ತರಿಸಿ, ನೆರಳಿಗೆ ತನ್ನಿ. ನಿತ್ರಾಣವಾಗಿದ್ದನ್ನು ನೀರಿಗೆ ಬಿಟ್ಟರೆ ಮುಳುಗಿ ಸಾಯುತ್ತದೆ, ಅದೂ ಉಸಿರಿಗೆ ಮೇಲೆ ಬರಬೇಕಾದ ಪ್ರಾಣಿಯೇ.

ತಿಮಿಂಗಿಲದ ವಾಂತಿ ಸಿಕ್ಕರೆ ಕೋಟಿ ಅಂತಾರೆ?

ಕೋಟಿಯ ಮಾತು ಬಿಡಿ, ಕೇಸು ಖಾತ್ರಿ. ಆ ವಾಂತಿ, ಅಂದರೆ ಅಂಬರ್‌ಗ್ರೀಸ್, ಬರುವ ಸ್ಪರ್ಮ್ ತಿಮಿಂಗಿಲ 1972ರ ವನ್ಯಜೀವಿ ಕಾಯಿದೆಯ ಮೊದಲನೇ ಅನುಸೂಚಿಯಲ್ಲಿದೆ, ಇಟ್ಟುಕೊಳ್ಳುವುದೂ ಮಾರುವುದೂ ಅಪರಾಧ. ಹವಳ, ಕಡಲ ಸೌತೆ (ಸೀ ಕುಕುಂಬರ್) ಎಂಬ ಪ್ರಾಣಿಗೂ ಇದೇ ಮಾತು. ದಂಡೆಯ ಖಾಲಿ ಚಿಪ್ಪನ್ನೂ ಬಿಟ್ಟುಬಿಡಿ, ನಾಳೆ ಅದು ಸನ್ಯಾಸಿ ಏಡಿಯೊಂದರ ಮನೆ.

ನಾವೂ ಬಳಚು ಹೆಕ್ಕಬಹುದಾ?

ಬೇಡ. ಸೊಂಟದುದ್ದ ನೀರಿನಲ್ಲಿ ಗಂಟೆಗಟ್ಟಲೆ ನಿಂತು ಹೆಕ್ಕುವುದು ಅಲ್ಲಿನವರ ಹೊಟ್ಟೆಪಾಡು. ರುಚಿ ನೋಡಬೇಕಾದರೆ ಅವರಿಂದಲೇ ಕೊಳ್ಳಿ. ಫೋಟೋ ಬೇಕಾದರೆ ಮೊದಲು ಮಾತಾಡಿಸಿ.

ನೋಡಿದ್ದನ್ನು ಉಪಯೋಗಕ್ಕೆ ಬರೋ ಹಾಗೆ ಬರೆದಿಡೋದು ಹೇಗೆ?

ಜಾಗ, ದಿನಾಂಕ, ಹೊತ್ತಿನ ಜೊತೆಗೆ ಆಗಿನ ಉಬ್ಬರ-ಇಳಿತದ ಸ್ಥಿತಿ ಬರೆಯಿರಿ, ಜನ ಬಿಡುವುದು ಅದನ್ನೇ. ಹಕ್ಕಿಗೆ ಇ-ಬರ್ಡ್, ಉಳಿದದ್ದಕ್ಕೆ ಐ-ನ್ಯಾಚುರಲಿಸ್ಟ್ ಜಾಲತಾಣ ಆಗುತ್ತದೆ. ಚಿಪ್ಪು-ಏಡಿಯ ಫೋಟೋ ಪಕ್ಕದಲ್ಲಿ ಅಳತೆಗೆ ನಾಣ್ಯ ಇಡಿ. ಏಡಿಯಾದರೆ ಮೇಲಿನಿಂದ, ಎದುರಿನಿಂದ ಎರಡೂ ಬೇಕು. ಬಂಡೆಯ ಜೀವಿಗಳನ್ನು ಎಣಿಸಬೇಕೆಂದರೆ ಪಿವಿಸಿ ಪೈಪಿನಲ್ಲಿ 50 ಸೆಂಟಿಮೀಟರ್ ಚೌಕ ಮಾಡಿ, ನೀರಿನಂಚಿನಿಂದ ಮೇಲಕ್ಕೆ ಒಂದೇ ನೇರದಲ್ಲಿ ಇಡುತ್ತಾ ಹೋಗಿ, ಪ್ರತಿ ಚೌಕದ ಫೋಟೋ ತೆಗೆಯಿರಿ. ಚೆನ್ನಾಗಿ ಕಾಣುವ ಜಾಗಕ್ಕೆ ಚೌಕವನ್ನು ಸರಿಸಿದರೆ ಲೆಕ್ಕ ಕೆಟ್ಟಿತು, ಖಾಲಿ ಬಂಡೆಯೂ ಮಾಹಿತಿಯೇ. ಆಮೆ ಗೂಡು, ಕಡಲ ಹದ್ದಿನ ಗೂಡು ಸಿಕ್ಕರೆ ಅದರ ನಿಖರ ಜಾಗವನ್ನು ಮಾತ್ರ ಮರೆಮಾಡಿ ಹಾಕಿ. ಜನವರಿಯಲ್ಲಿ ಏಷ್ಯಾದ ನೀರುಹಕ್ಕಿ ಗಣತಿ ನಡೆಯುತ್ತದೆ, ಎಣಿಸಲು ಕಲಿಯಬೇಕೆನ್ನುವವರು ಅದಕ್ಕೆ ಸೇರಿಕೊಳ್ಳಬಹುದು.